ಬೇರುನಾಳ ಚಿಕಿತ್ಸೆ: ನೋವು ನಿಂತ ಮೇಲೆ

ಇತ್ತೀಚಿನ ದಿನಗಳಲ್ಲಿ ನನಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಹೊಸ ಬಗೆಯ ಕರೆ ಸೇರಿಕೊಂಡಿದೆ. “ಮೇಷ್ಟ್ರೇ, ತಮಗೆ ರೂಟ್ ಕೆನಾಲ್ ಆಗಿದೆಯಂತಲ್ಲ, ತುಂಬಾ ನೋವಾಗುತ್ತದೆಯೇ?” ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. “ಚಿಕ್ಕಪ್ಪಾ, ಕೀಳಿಸಿಬಿಡುವುದೇ ವಾಸಿಯಲ್ಲವೇ?” ಎಂದು ಅಣ್ಣನ ಮಕ್ಕಳು ಕೇಳುತ್ತಾರೆ. ನನ್ನ ಎರಡು ದವಡೆ ಹಲ್ಲುಗಳಿಗೆ ಈ ಚಿಕಿತ್ಸೆಯಾಗಿರುವುದರಿಂದ ನಾನು ಈ ವಿಷಯದಲ್ಲಿ ಪಂಡಿತನೆಂಬ ಭಾವನೆ ಬಂಧುವರ್ಗದಲ್ಲಿ ಹಬ್ಬಿರುವಂತಿದೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದಿಡುವುದು ಲೇಸೆಂದು ತೋರಿತು. ನಾನು ವೈದ್ಯನಲ್ಲ, 34 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವನು. ಆದರೂ ನನ್ನದೊಂದು ಅಭಿಪ್ರಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಹಲ್ಲಿನ ವಿಷಯದಲ್ಲಿ ನಾವು ಅಂಜಬೇಕಾದದ್ದು ನೋವಿಗಲ್ಲ, ನೋವು ತಾನಾಗಿ ನಿಂತುಹೋಗುವ ಘಳಿಗೆಗೆ.

ಹಲ್ಲಿನ ಉದ್ದಸೀಳಿಕೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ನಿಮ್ಮಿಂದ ಭಾಗಗಳನ್ನು ಗುರುತಿಸಿಸುತ್ತಿದ್ದುದು ನೆನಪಿರಬಹುದು. ಹೊರಗೆ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ಎನಾಮಲ್, ಅದರೊಳಗೆ ದಂತದ್ರವ್ಯ, ನಟ್ಟನಡುವೆ ಮೆದುವಾದ ತಿರುಳು. ಈ ತಿರುಳಿನಲ್ಲಿ ನರಗಳೂ ರಕ್ತನಾಳಗಳೂ ಇದ್ದು, ಬೇರಿನೊಳಗಿನ ಸಣ್ಣ ನಾಳಗಳ ಮೂಲಕ ದವಡೆಯ ಮೂಳೆಯನ್ನು ಸೇರುತ್ತವೆ. ಹುಳುಕು ಒಳಗಿಳಿದು ತಿರುಳನ್ನು ಮುಟ್ಟಿದಾಗ ಅಲ್ಲಿ ಉರಿಯೂತವಾಗುತ್ತದೆ. ಕೈಗೆ ಪೆಟ್ಟಾದರೆ ಊದಿಕೊಳ್ಳಲು ಚರ್ಮದಡಿಯಲ್ಲಿ ಜಾಗವುಂಟು. ಹಲ್ಲಿನ ತಿರುಳಿಗೆ ಸುತ್ತಲೂ ಕಲ್ಲಿನಂಥ ಗೋಡೆ. ಊದಿಕೊಳ್ಳಲು ಎಡೆಯಿಲ್ಲದೆ ಒತ್ತಡ ಏರುವುದರಿಂದಲೇ ಆ ನೋವು ಅಷ್ಟು ಭೀಕರ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿಯ ಹೊತ್ತಿನಲ್ಲಿಯೇ ಅದು ಕೆರಳುವುದು. ಬಿಸಿ ಕಾಫಿ ತಾಗಿದ ಮೇಲೆ ನೋವು ನಿಮಿಷಗಟ್ಟಲೆ ಉಳಿಯುತ್ತಿದ್ದರೆ, ತಿರುಳು ಇನ್ನು ಚೇತರಿಸಿಕೊಳ್ಳಲಾರದು ಎಂಬ ಸೂಚನೆಯೆಂದು ತಿಳಿಯಬೇಕು.

ಈಗ ಮೊದಲನೆಯ ಮೋಸ ನಡೆಯುತ್ತದೆ. ನಾಲ್ಕಾರು ದಿನ ನಿದ್ದೆಗೆಡಿಸಿದ ನೋವು ಒಂದು ಬೆಳಗ್ಗೆ ಮಾಯವಾಗುತ್ತದೆ. ಲವಂಗದ ಎಣ್ಣೆಯೋ, ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯೋ, ನೆಲಗುಳ್ಳದ ಬೀಜದ ಹೊಗೆಯೋ ಕೆಲಸ ಮಾಡಿತೆಂದು ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ನಡೆದಿರುವುದು ಇಷ್ಟೇ: ತಿರುಳು ಸತ್ತಿದೆ. ಸತ್ತ ನರ ನೋವನ್ನು ಹೇಳುವುದಿಲ್ಲ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಯನ್ನು ದಾಟಿ ಮೂಳೆಗೆ ಇಳಿಯುತ್ತಿರುತ್ತದೆ. ತಿಂಗಳುಗಳ ಅನಂತರ ವಸಡಿನ ಮೇಲೆ ಕೀವುಗುಳ್ಳೆಯಾಗಿಯೋ ಕೆನ್ನೆಯ ಬಾವಾಗಿಯೋ ಮತ್ತೆ ಕಾಣಿಸಿಕೊಳ್ಳುತ್ತದೆ. (ಹೊಗೆಯ ಚಿಕಿತ್ಸೆಯಲ್ಲಿ ಹಲ್ಲಿನಿಂದ ಹುಳು ಉದುರಿತೆಂದು ತೋರಿಸುವವರನ್ನು ನಾನೂ ಜಾತ್ರೆಗಳಲ್ಲಿ ನೋಡಿದ್ದೇನೆ. ಹುಳುಕು ಎಂಬ ಮಾತು ಹುಳುವನ್ನು ನೆನಪಿಗೆ ತರುವುದು ನಿಜ. ಆದರೆ ಹಲ್ಲಿನಲ್ಲಿ ಹುಳುವಿಲ್ಲ, ಬ್ಯಾಕ್ಟೀರಿಯಾಗಳಿವೆ.) ಆಂಟಿಬಯಾಟಿಕ್ ನುಂಗಿ ಕಾಯುವುದರಿಂದಲೂ ಇದು ವಾಸಿಯಾಗದು. ಮಾತ್ರೆಯ ಔಷಧ ರಕ್ತದ ಮೂಲಕ ಸಾಗಬೇಕು. ಸತ್ತ ತಿರುಳಿಗೆ ರಕ್ತವೇ ಹರಿಯುವುದಿಲ್ಲವಾದ್ದರಿಂದ ಔಷಧ ಅಲ್ಲಿಗೆ ತಲಪುವ ದಾರಿಯೇ ಇಲ್ಲ. ಇನ್ನು ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಇಟ್ಟುಕೊಳ್ಳುವವರಿದ್ದಾರೆ; ಅದು ಬಾಯಿಯ ಚರ್ಮವನ್ನು ಸುಡುತ್ತದೆ, ಅಷ್ಟೇ.

ಹಾಗಾದರೆ ಚಿಕಿತ್ಸೆಯ ಕುರ್ಚಿಯಲ್ಲಿ ಏನಾಗುತ್ತದೆ? ಮೊದಲು ಒಂದು ಎಕ್ಸ್‌ರೇ. ಬಳಿಕ ಮರಗಟ್ಟಿಸುವ ಚುಚ್ಚುಮದ್ದು. ಇದರಲ್ಲಿ ಸಾಮಾನ್ಯವಾಗಿ ಬಳಸುವ ಲಿಗ್ನೋಕೇನ್ 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದದ್ದು. ಅದರೊಡನೆ ತುಸು ಅಡ್ರಿನಲಿನ್ ಬೆರೆಸಿರುವುದರಿಂದ ಒಂದೆರಡು ನಿಮಿಷ ಎದೆ ಡವಗುಟ್ಟಬಹುದು. ಹೆದರಿಕೊಳ್ಳಬೇಕಾಗಿಲ್ಲ, ಆದರೆ ವೈದ್ಯರಿಗೆ ಹೇಳಬೇಕು. ಸೂಜಿ ಚುಚ್ಚಿದ ನೋವು ಇರುವೆ ಕಚ್ಚಿದಷ್ಟು. ಅನಂತರ ಹೆಚ್ಚಿನವರಿಗೆ ಏನೂ ತಿಳಿಯುವುದಿಲ್ಲ. ಹೆಚ್ಚಿನವರಿಗೆ ಎಂದೆ, ಎಲ್ಲರಿಗೂ ಎನ್ನಲಿಲ್ಲ. ತೀವ್ರವಾಗಿ ಕೆರಳಿರುವ ಹಲ್ಲು, ಅದರಲ್ಲಿಯೂ ಕೆಳದವಡೆಯ ಹಿಂದಿನ ಹಲ್ಲು, ಒಂದೇ ಚುಚ್ಚುಮದ್ದಿಗೆ ಸುಮ್ಮನಾಗದಿರುವುದುಂಟು. ನನ್ನ ಎರಡನೆಯ ಹಲ್ಲಿನಲ್ಲಿ ಹೀಗೆಯೇ ಆಯಿತು. ಮೊದಲೇ ಮಾತಾಡಿಕೊಂಡಿದ್ದಂತೆ ಎಡಗೈ ಎತ್ತಿದೆ. ವೈದ್ಯೆ ಕೂಡಲೇ ನಿಲ್ಲಿಸಿ ಇನ್ನೊಂದು ಚುಚ್ಚುಮದ್ದು ಕೊಟ್ಟು ಹತ್ತು ನಿಮಿಷ ಕಾದರು. ಆ ಹುಡುಗಿಗೆ ನನ್ನ ಶಿಷ್ಯೆಯರ ವಯಸ್ಸು. ಅವಳ ತಾಳ್ಮೆ ಕಂಡು ಗೌರವ ಮೂಡಿತು. “ಸ್ವಲ್ಪವೂ ನೋವಿಲ್ಲ” ಎಂದು ಫಲಕ ಹಾಕುವುದು ನನಗೆ ಸರಿತೋರುವುದಿಲ್ಲ. ನೋವಾದರೆ ಕೈಯೆತ್ತಿ, ನಿಲ್ಲಿಸುತ್ತೇನೆ ಎಂಬ ಮಾತು ರೋಗಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಕೊಡುತ್ತದೆ.

ಮುಂದೆ ಹಲ್ಲಿಗೆ ರಬ್ಬರಿನ ತೆಳುಹಾಳೆಯೊಂದನ್ನು ತೊಡಿಸುತ್ತಾರೆ. 1864ರಲ್ಲಿ ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಂ ಕಂಡುಹಿಡಿದ ಉಪಾಯವಿದು. ಎಂಜಲು ಒಳಗೆ ಹೋಗದಂತೆಯೂ, ಸಣ್ಣ ಉಪಕರಣವೋ ಔಷಧವೋ ಗಂಟಲಿಗೆ ಜಾರದಂತೆಯೂ ಅದು ಕಾಯುತ್ತದೆ. ಎಲ್ಲ ಕಡೆಯಲ್ಲಿಯೂ ಇದನ್ನು ಹಾಕುವುದಿಲ್ಲ. ಹಾಕುತ್ತೀರಾ ಎಂದು ಮುಂಚಿತವಾಗಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಬಳಿಕ ಹಲ್ಲಿನ ನೆತ್ತಿಯಲ್ಲಿ ರಂಧ್ರ ಮಾಡಿ, ಸೂಜಿಯಂಥ ಅರಗಳಿಂದ ನಾಳಗಳನ್ನು ಒಂದೊಂದಾಗಿ ಉಜ್ಜಿ ತಿರುಳನ್ನು ತೆಗೆಯುತ್ತಾರೆ. ಮುಂಬಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ದವಡೆ ಹಲ್ಲಿಗೆ ಮೂರು, ಎಷ್ಟೋ ಸಲ ನಾಲ್ಕು. ಮೊದಲು ಇಳಿಸುವ ಸಣ್ಣ ಅರದ ತುದಿಯ ದಪ್ಪ 0.1 ಮಿಲಿಮೀಟರ್, ಅಂದರೆ ಕೂದಲಿಗಿಂತ ತುಸುವೇ ಹೆಚ್ಚು. ಮೊದಲ ಸಲ ಇದನ್ನು ಕೇಳಿದಾಗ, ಒಂದು ಗಂಟೆ ಬಾಯಿ ತೆರೆದು ಕುಳಿತುಕೊಳ್ಳುವುದು ನನಗೆ ದೊಡ್ಡ ತ್ಯಾಗವೆಂದು ತೋರಲಿಲ್ಲ. ನಾಳಗಳನ್ನು ತೊಳೆಯಲು ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತಾರೆ. ಬಟ್ಟೆ ಬಿಳಿಮಾಡುವ ದ್ರಾವಣದ ನೆನಪು ತರುವ ವಾಸನೆ ಅದರದೇ.

ಒಂದೇ ದಿನದಲ್ಲಿ ಮುಗಿಯಬಹುದು, ಎರಡು ಮೂರು ಸಲ ಹೋಗಬೇಕಾಗಿಯೂ ಬರಬಹುದು. ನಡುವೆ ನಾಳದೊಳಗೆ ತುಂಬಿಸಿಡುವ ಔಷಧ ಯಾವುದೆಂದು ಕೇಳಿ ನನಗೆ ನಗು ಬಂತು: ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತಾಂಬೂಲಕ್ಕೆ ಹಚ್ಚುವ ಸುಣ್ಣದ ಶುದ್ಧರೂಪ! ಅದರ ಕ್ಷಾರಗುಣಕ್ಕೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. (ಇದನ್ನು ಓದಿ ಯಾರೂ ಸುಣ್ಣದ ಡಬ್ಬಿಗೆ ಕೈ ಹಾಕದಿರಲಿ.) ಕೊನೆಗೆ ನಾಳಗಳನ್ನು ಮುಚ್ಚುವುದು ಗಟ್ಟಾಪರ್ಚಾ ಎಂಬ ವಸ್ತುವಿನಿಂದ. ಮಲಯ ಪ್ರದೇಶದ ಮರವೊಂದರ ಹಾಲಿನಿಂದ ಬರುವ ಇದನ್ನೇ ಹೊದಿಸಿ 1851ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದಡಿಯಲ್ಲಿ ತಂತಿ ಹಾಸಿದ್ದರು. ನೀರು ನುಗ್ಗದಂತೆ ತಡೆಯುವ ಗುಣ ಅಲ್ಲಿ ಹೇಗೋ ಇಲ್ಲಿಯೂ ಹಾಗೆ.

ಎರಡನೆಯ ಮೋಸ ಮೊದಲ ಭೇಟಿಯ ಮರುದಿನ ಕಾದಿರುತ್ತದೆ. ತಿರುಳನ್ನು ತೆಗೆದ ಮೇಲೆ ಆ ಹಳೆಯ ಚಳುಕು ಇರುವುದಿಲ್ಲ. ಕಚ್ಚಿದಾಗ ಮೂರು ನಾಲ್ಕು ದಿನ ಮೆಲುವಾದ ನೋವಿದ್ದು, ಸಾಮಾನ್ಯ ಮಾತ್ರೆಗೆ ಅಡಗುತ್ತದೆ. ಬಾಯಿ ಹಗುರ, ಮನಸ್ಸು ಹಗುರ. ಇನ್ನೊಮ್ಮೆ ಏಕೆ ಹೋಗಬೇಕು? ಮಲೆನಾಡಿನಲ್ಲಿರುವ ನನ್ನ ಸೋದರಮಾವನ ಮಗನ ವಿಷಯದಲ್ಲಿ ಹೀಗೆಯೇ ಆಯಿತು. ಮೊದಲ ಭೇಟಿ ಮುಗಿದ ಕೂಡಲೇ ಅಡಿಕೆ ಕೊಯ್ಲು ಬಂತು, ಆಮೇಲೆ ಮನೆಯಲ್ಲೊಂದು ಮದುವೆ, ಆಮೇಲೆ ಮಳೆ. ಎಂಟು ತಿಂಗಳು ಕಳೆಯಿತು. ತಾತ್ಕಾಲಿಕವಾಗಿ ಹಾಕಿದ್ದ ಸಿಮೆಂಟು ಯಾವಾಗ ಉದುರಿತೋ ಅವನಿಗೇ ಗೊತ್ತಾಗಲಿಲ್ಲ. ನಾಳಗಳಲ್ಲಿ ಎಂಜಲು ಸೇರಿ ಸೋಂಕು ಹೊಸದಾಗಿ ಬೆಳೆಯಿತು. ಒಂದು ಸಂಜೆ ಹುರಿಗಡಲೆ ಕಡಿಯುವಾಗ ಹಲ್ಲು ಬೇರಿನವರೆಗೂ ಸೀಳಿಹೋಯಿತು. ಕೀಳದೆ ವಿಧಿಯಿರಲಿಲ್ಲ. ಕಾಸೂ ಹೋಯಿತು, ಹಲ್ಲೂ ಹೋಯಿತು. “ನೋವಿದ್ದಿದ್ದರೆ ಹೋಗುತ್ತಿದ್ದೆ ಭಾವ” ಎಂದು ಅವನು ಹೇಳಿದ ಮಾತು ಈ ಬರಹಕ್ಕೆ ಪ್ರೇರಣೆಯೆಂದರೂ ಸರಿಯೇ.

ಹಿಂದಿನ ಹಲ್ಲುಗಳಿಗೆ ಕ್ಯಾಪ್ ಹಾಕಿಸುವುದನ್ನು ವೈದ್ಯರ ಹಣದಾಸೆಯೆಂದು ತಿಳಿಯುವವರು ನಮ್ಮಲ್ಲಿ ಬಹಳ. ಹುಳುಕಿನಿಂದಲೂ ರಂಧ್ರದಿಂದಲೂ ಹಲ್ಲಿನ ಗೋಡೆಗಳು ತೆಳುವಾಗಿರುತ್ತವೆ. ಅಗಿಯುವ ಭಾರವೋ ಮೊದಲಿನಷ್ಟೇ. ಕವಚವಿಲ್ಲದೆ ಬಿಟ್ಟರೆ ಸೀಳುವ ಸಂಭವ ಹೆಚ್ಚು. ಮುಂಬಲ್ಲಿಗೆ ಕೆಲವೊಮ್ಮೆ ಬೇಡವಾದೀತು, ದವಡೆ ಹಲ್ಲಿಗೆ ಬೇಕೇ ಬೇಕೆನ್ನಬಹುದು. ಆದುದರಿಂದ ವೆಚ್ಚವನ್ನು ವಿಚಾರಿಸುವಾಗ ಕ್ಯಾಪ್ ಸೇರಿ ಎಷ್ಟು ಎಂದೇ ಕೇಳಿಕೊಳ್ಳಿ. ಅರ್ಧ ಲೆಕ್ಕ ಹಿಡಿದು ಹೊರಟವರೇ ಅರ್ಧದಾರಿಯಲ್ಲಿ ನಿಲ್ಲುವವರು.

ಹಣದ ಮಾತು ಸಣ್ಣದಲ್ಲ. ಕೀಳಿಸುವುದು ಅಗ್ಗ, ಉಳಿಸುವುದು ದುಬಾರಿ. ಬಡವರ ಬಾಯಿಗಳು ಬೇಗ ಬೊಚ್ಚಾಗುವುದಕ್ಕೆ ಇದೊಂದು ಕಾರಣ. ಕೀಳಿಸಿದ ಜಾಗವನ್ನು ಹಾಗೆಯೇ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ, ಎದುರಿನ ಹಲ್ಲು ಇಳಿದುಬರುತ್ತದೆ. ತುಂಬಿಸಹೊರಟರೆ ಉಳಿಸುವುದಕ್ಕಿಂತ ಹೆಚ್ಚು ಖರ್ಚು. 2014ರಲ್ಲಿ ನಮ್ಮ ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂದು ಬಡ ಹಿರಿಯರಿಗೆ ಉಚಿತವಾಗಿ ಕಟ್ಟುಹಲ್ಲು ಸಿಕ್ಕಿದ್ದು ಒಳ್ಳೆಯ ಕೆಲಸವೇ. ಆದರೆ ಹಲ್ಲು ಹೋದ ಮೇಲೆ ಕೊಡುವ ಕೈ, ಹೋಗುವ ಮುಂಚೆಯೂ ಅಷ್ಟೇ ಧಾರಾಳವಾಗಿ ಚಾಚಬೇಕೆಂಬುದು ನನ್ನ ಆಸೆ. ಅಷ್ಟರಲ್ಲಿ ಅನುಕೂಲವಿಲ್ಲದವರು ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಬಹುದು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಸಾಕು. ವಿದ್ಯಾರ್ಥಿಯೆಂದು ಮೂಗು ಮುರಿಯಬೇಡಿ. ಮೇಷ್ಟರ ಎದುರು ಪರೀಕ್ಷೆ ಬರೆಯುವವನಷ್ಟು ಎಚ್ಚರದಿಂದ ಬೇರಾರೂ ಬರೆಯುವುದಿಲ್ಲ.

ಎರಡು ವದಂತಿಗಳ ಬಗ್ಗೆಯೂ ಹೇಳಬೇಕು. ಮೇಲ್ದವಡೆಯ ಹಲ್ಲನ್ನು ಮುಟ್ಟಿದರೆ ಕಣ್ಣು ಹೋಗುತ್ತದೆಂಬುದು ಹಳೆಯದು. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಇದನ್ನು ಪಾಠದಲ್ಲಿಯೇ ಹೇಳಿದ್ದೇನೆ. ಬೇರುನಾಳ ಚಿಕಿತ್ಸೆಯಾದ ಹಲ್ಲಿನಿಂದ ಮೈಗೆಲ್ಲ ರೋಗ ಹರಡುತ್ತದೆಂಬುದು ಈಗ ವಾಟ್ಸಪ್ಪಿನಲ್ಲಿ ಓಡಾಡುತ್ತಿದೆ. ಇದರ ಬೇರು 1920ರ ದಶಕದಲ್ಲಿದೆ. ಅಮೆರಿಕದಲ್ಲಿ ವೆಸ್ಟನ್ ಪ್ರೈಸ್ ಎಂಬ ದಂತವೈದ್ಯರು ಮೊಲಗಳ ಮೇಲೆ ಪ್ರಯೋಗ ನಡೆಸಿ ಹಾಗೆ ವಾದಿಸಿದರು. ಆ ಕಾಲದಲ್ಲಿ ಅಸಂಖ್ಯ ಜನರ ಹಲ್ಲುಗಳನ್ನು ಸುಮ್ಮನೆ ಕೀಳಲಾಯಿತು. ಅನಂತರದ ಸಂಶೋಧನೆಗಳು ಆ ವಾದವನ್ನು ಎತ್ತಿಹಿಡಿಯಲಿಲ್ಲ. ನೂರು ವರ್ಷ ಹಳೆಯ ತಪ್ಪು ಹೊಸ ಫೋನಿನಲ್ಲಿ ಬಂದ ಮಾತ್ರಕ್ಕೆ ಹೊಸ ವಿಜ್ಞಾನವಾಗುವುದಿಲ್ಲ.

ಎಲ್ಲ ಹಲ್ಲುಗಳನ್ನೂ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. ಬೇರು ಸೀಳಿದ್ದರೆ, ಸುತ್ತಲಿನ ಮೂಳೆ ಕರಗಿದ್ದರೆ ಕೀಳುವುದೇ ಸರಿ. ಚಿಕಿತ್ಸೆ ಕೆಲವೊಮ್ಮೆ ವಿಫಲವಾಗಿ ಮತ್ತೊಮ್ಮೆ ಮಾಡಬೇಕಾಗುವುದೂ ಉಂಟು.

ಹೋಗುವ ದಿನ ಹೊಟ್ಟೆಗೆ ತಿಂದು ಹೋಗಿ; ಮರಗಟ್ಟಿದ ತುಟಿ ಸರಿಯಾಗಲು ಮೂರು ನಾಲ್ಕು ಗಂಟೆ ಬೇಕು, ಅಷ್ಟರಲ್ಲಿ ಕಾಫಿ ಕುಡಿದರೆ ಸುಟ್ಟರೂ ತಿಳಿಯದು, ತುಟಿ ಕಚ್ಚಿಕೊಂಡರೂ ತಿಳಿಯದು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧ, ಇವುಗಳನ್ನು ಮುಚ್ಚಿಡದೆ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಚಿಕಿತ್ಸೆಯ ಮುಂಚೆಯಾಗಲಿ ಆಮೇಲಾಗಲಿ ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮುಂದಿನ ಭೇಟಿಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಬರೆದಿಡಿ. ಹಬ್ಬಕ್ಕೆ ಚಕ್ಕುಲಿ ತಿನ್ನಬಹುದೇ ಎಂದು ಅಣ್ಣನ ಮಗಳು ಮೊನ್ನೆ ಕೇಳಿದಳು. ಕ್ಯಾಪ್ ಕೂರಿಸಿದ ಮೇಲೆ ಧಾರಾಳವಾಗಿ ತಿನ್ನಬಹುದು. ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ.