ವಾರಂಟಿ ಅವಧಿಯಲ್ಲಿ ದುರಸ್ತಿ ಬಿಲ್ಲು: ಕಾರಣ ತೋರಿಸುವ ಹೊಣೆ ಯಾರದು?

ವಸ್ತು ಒಂದು ವರ್ಷದೊಳಗೆ ಕೆಟ್ಟರೆ ಶುಲ್ಕವಿಲ್ಲದೆ ಸರಿಪಡಿಸಿಕೊಡಲಾಗುವುದು ಎಂಬುದು ವಾರಂಟಿ ಪತ್ರದ ಮೊದಲ ಸಾಲು. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಷರತ್ತುಗಳನ್ನು ನಾವು ಓದುವುದು ವಸ್ತು ಕೆಟ್ಟ ದಿನವೇ. ವಿದ್ಯುತ್ ಏರಿಳಿತ, ನೀರು ತಗುಲಿದ್ದು, ಇಲಿ ಕಡಿದದ್ದು, ಹೊರಗಿನ ಮೆಕ್ಯಾನಿಕ್ ಕೈಯಿಟ್ಟದ್ದು, ಸವೆಯುವ ಬಿಡಿಭಾಗ ಎನ್ನುವುದು – ಇವುಗಳಲ್ಲೊಂದನ್ನು ಬಾಯಿಮಾತಿನಲ್ಲಿ ಹೇಳಿ ಬಿಲ್ಲು ಕೈಗಿಡುವುದು ವಾಡಿಕೆಯಾಗಿದೆ. ಈ ವ್ಯವಹಾರದಲ್ಲಿ ವರ್ತಕ ಬಾಂಧವರು ಎರಡೂ ಕಡೆ ನಿಂತಿದ್ದೇವೆ. ಗ್ರಾಹಕರಿಗೆ ವಾರಂಟಿ ಕೊಡುವವರೂ ನಾವೇ. ನಮ್ಮ ಅಂಗಡಿ, ಕಾರ್ಖಾನೆಗಳಿಗೆ ಯಂತ್ರ ಕೊಂಡು ವಾರಂಟಿ ಪಡೆಯುವವರೂ ನಾವೇ. ಆದುದರಿಂದ ಎರಡೂ ಕಡೆಗೆ ಒಪ್ಪುವ ಒಂದು ನಿಯಮ ಬೇಕು: ವಾರಂಟಿಯೊಳಗೆ ಹಣ ಕೇಳುವವನು ಅದಕ್ಕೆ ಕಾರಣವನ್ನು ಬರೆದುಕೊಡಬೇಕು, ಅದನ್ನು ತೋರಿಸಿಕೊಡುವ ಹೊಣೆಯನ್ನೂ ಹೊರಬೇಕು.

ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಾಗಲೀ ಸಂಪಿಗೆ ರಸ್ತೆಯಲ್ಲಾಗಲೀ ಎಲೆಕ್ಟ್ರಾನಿಕ್ ತೂಕದ ಯಂತ್ರವಿಲ್ಲದೆ ಹಣ್ಣು, ದಿನಸಿ, ಸಿಹಿತಿಂಡಿಯ ವ್ಯಾಪಾರ ನಡೆಯದು. ಇಂಥ ಯಂತ್ರವೊಂದು ಕೊಂಡ ಎಂಟನೇ ತಿಂಗಳಲ್ಲಿ ತಪ್ಪು ತೂಕ ತೋರಿಸತೊಡಗಿತೆಂದು ಇಟ್ಟುಕೊಳ್ಳೋಣ. ಬಂದ ತಂತ್ರಜ್ಞ ‘ಓವರ್‌ಲೋಡ್ ಆಗಿದೆ, ವಾರಂಟಿ ಬರುವುದಿಲ್ಲ’ ಎಂದು ಲೋಡ್ ಸೆಲ್‌ನ ಬೆಲೆ, ಕೂಲಿ, ಭೇಟಿ ಶುಲ್ಕ ಸೇರಿಸಿ ಬಿಲ್ಲು ಬರೆಯುತ್ತಾನೆ. ತೊಂದರೆ ಇಷ್ಟಕ್ಕೇ ಮುಗಿಯದು. ತೂಕದ ಯಂತ್ರವನ್ನು ಬಿಚ್ಚಬೇಕಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಒಡೆಯಬೇಕು. ದುರಸ್ತಿ ಮಾಡುವವನಿಗೆ ಪರವಾನಗಿ ಇರಬೇಕು. ದುರಸ್ತಿಯಾದ ಯಂತ್ರವನ್ನು ಮತ್ತೆ ಬಳಸುವ ಮುನ್ನ ಪುನಃ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸಬೇಕು. ಆ ಶುಲ್ಕ, ಅಷ್ಟು ದಿನಗಳ ವ್ಯಾಪಾರದ ನಷ್ಟ, ಬದಲಿ ಯಂತ್ರದ ಬಾಡಿಗೆ – ಇವು ಯಾರ ಲೆಕ್ಕಕ್ಕೆ ಎಂಬುದನ್ನು ಯಂತ್ರ ಕೊಳ್ಳುವಾಗ ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ?

ಓವರ್‌ಲೋಡ್ ಆಗಿರಲೂಬಹುದು, ಆಗಿರದೆಯೂ ಇರಬಹುದು. ಆದರೆ ಇಂಥ ದೋಷಗಳು ಸಾಮಾನ್ಯವಾಗಿ ಗುರುತು ಬಿಟ್ಟುಹೋಗುತ್ತವೆ. ಮಿತಿಮೀರಿದ ಭಾರ ಬಿದ್ದರೆ ಲೋಡ್ ಸೆಲ್ ಬಾಗಿ ಶೂನ್ಯದ ಸ್ಥಾನ ಸರಿಯುತ್ತದೆ. ವೋಲ್ಟೇಜ್ ಏರಿದರೆ ಅಡಾಪ್ಟರಿನಲ್ಲೋ ಬೋರ್ಡಿನಲ್ಲೋ ಸುಟ್ಟ ಕಲೆ ಉಳಿಯುತ್ತದೆ. ನೀರು ಹೊಕ್ಕರೆ ತುಕ್ಕು ಕಾಣುತ್ತದೆ. ನೋಡಿದ ತಂತ್ರಜ್ಞನಿಗೆ ಅದನ್ನು ನಾಲ್ಕು ಸಾಲಿನಲ್ಲಿ ಬರೆದು, ಚಿತ್ರ ತೆಗೆದು, ಹಳೆಯ ಬಿಡಿಭಾಗವನ್ನು ಹಿಂದಿರುಗಿಸುವುದು ಕಷ್ಟದ ಕೆಲಸವಲ್ಲ. ಒಂದು ಸಂಗತಿಯ ಆಧಾರದ ಮೇಲೆ ಹಕ್ಕು ಕೇಳುವವನೇ ಆ ಸಂಗತಿಯನ್ನು ಸಾಬೀತುಪಡಿಸಬೇಕೆಂಬುದು ನಮ್ಮ ಸಾಕ್ಷ್ಯ ಕಾನೂನಿನ ಮೂಲತತ್ವ. ವಾರಂಟಿ ಇದೆ ಎಂಬುದಕ್ಕೆ ಕೊಂಡವನು ಬಿಲ್ಲು ತೋರಿಸಬೇಕು. ಷರತ್ತು ಮುರಿದಿದೆ ಎನ್ನುವವನು ಅದಕ್ಕೆ ಆಧಾರ ತೋರಿಸಬೇಕು.

ಇಂಥ ವ್ಯಾಜ್ಯ ಬಂದಾಗ ಗ್ರಾಹಕ ಆಯೋಗವಿದೆಯಲ್ಲ ಎಂದು ಅನೇಕ ಸದಸ್ಯರು ನಂಬಿಕೊಂಡಿದ್ದಾರೆ. ಆದರೆ ಆ ಬಾಗಿಲು ನಮ್ಮೆಲ್ಲರಿಗೂ ತೆರೆದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ, ಅದಕ್ಕೆ ಹಿಂದಿನ 1986ರ ಅಧಿನಿಯಮದಂತೆಯೇ, ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕ ಎಂದು ಪರಿಗಣಿಸುವುದಿಲ್ಲ. ಈ ವಿಷಯದಲ್ಲಿ ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ತಿಳಿದಿರಬೇಕಾದ ತೀರ್ಪು 1995ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದ ತೀರ್ಪು. ಸಣ್ಣ ಕೈಗಾರಿಕೆಯಾಗಿ ನೋಂದಾಯಿತವಾಗಿದ್ದ ಆ ಸಂಸ್ಥೆ ಕೊಯಮತ್ತೂರಿನ ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್‌ನಿಂದ ಯಂತ್ರ ತರಿಸಿತ್ತು. ಯಂತ್ರ ತಡವಾಗಿ ಬಂತು, ದೋಷವೂ ಇತ್ತು ಎಂಬುದು ಅದರ ದೂರು. ರಾಜ್ಯ ಆಯೋಗ ಪರಿಹಾರ ಕೊಡಿಸಿತು. ಆದರೆ ಯಂತ್ರ ಕೊಂಡದ್ದು ವಾಣಿಜ್ಯ ಉದ್ದೇಶಕ್ಕೆಂಬ ಕಾರಣದಿಂದ ಸುಪ್ರೀಂ ಕೋರ್ಟಿನಲ್ಲಿ ಅದು ಉಳಿಯಲಿಲ್ಲ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ. ಜೀವನೋಪಾಯಕ್ಕೆಂದೇ ಲೇತ್ ಯಂತ್ರವನ್ನೋ ಆಟೋರಿಕ್ಷಾವನ್ನೋ ಕೊಂಡು ತಾನೇ ನಡೆಸುವವನು ಗ್ರಾಹಕನೇ. ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಅವನು ಆ ಹಕ್ಕು ಕಳೆದುಕೊಳ್ಳುವುದಿಲ್ಲ.

ಅಂದರೆ ತಾನೇ ಕುಳಿತು ಹಣ್ಣು ತೂಗುವ ಸ್ವಂತ ದುಡಿಮೆಯ ವ್ಯಾಪಾರಿಗೆ ಜಿಲ್ಲಾ ಗ್ರಾಹಕ ಆಯೋಗ ಎಟುಕುತ್ತದೆ. ಇಪ್ಪತ್ತು ಜನ ನೌಕರರಿರುವ ಅಂಗಡಿಗೆ ಅದೇ ಯಂತ್ರದ ವಿಷಯದಲ್ಲಿ ಎಟುಕುವುದು ಕಷ್ಟ. ಹೀಗೆ ಹೊರಗುಳಿದವರಿಗೆ 1930ರ ಸರಕು ಮಾರಾಟ ಅಧಿನಿಯಮವೇ ಆಸರೆ. ಅದರ 59ನೇ ಕಲಮಿನ ಪ್ರಕಾರ ವಾರಂಟಿ ಭಂಗವಾದರೆ ಕೊಂಡವನು ಕೊಡಬೇಕಾದ ಬೆಲೆಯಲ್ಲಿ ಕಡಿತ ಕೇಳಬಹುದು, ಇಲ್ಲವೇ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರಕ್ಕೆ ದಾವೆ ಹೂಡಬಹುದು. ಆದರೆ ಕೆಲವು ಸಾವಿರ ರೂಪಾಯಿಯ ಬಿಲ್ಲಿಗಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ವರ್ತಕನಾರು? ನಮ್ಮ ನಿಜವಾದ ರಕ್ಷಣೆ ಇರುವುದು ಖರೀದಿ ಆದೇಶದಲ್ಲಿ. ವಾರಂಟಿ ಯಂತ್ರ ಸ್ಥಾಪಿಸಿದ ದಿನದಿಂದ ಆರಂಭವಾಗಬೇಕು. ಒಳಗೊಳ್ಳದ ಬಿಡಿಭಾಗಗಳನ್ನು ಹೆಸರಿಸಿರಬೇಕು. ಭೇಟಿ ಶುಲ್ಕ ಇದೆಯೋ ಇಲ್ಲವೋ ತಿಳಿಸಿರಬೇಕು. ವಾರಂಟಿ ನಿರಾಕರಿಸುವುದಾದರೆ ಏಳು ದಿನಗಳೊಳಗೆ ಲಿಖಿತ ಕಾರಣ ಕೊಡಬೇಕು. ಮರುಸತ್ಯಾಪನೆಯ ವೆಚ್ಚ ಮಾರಿದವರದು. ಬೆಲೆ ಚೌಕಾಶಿ ಮಾಡುವಾಗಲೇ ಈ ಐದು ಅಂಶಗಳನ್ನು ಬರೆಸಿಕೊಂಡರೆ ಮುಂದಿನ ಜಗಳದ ಅರ್ಧ ಭಾಗ ಅಲ್ಲಿಯೇ ತೀರುತ್ತದೆ.

ಇನ್ನು ಮಾರುವವರ ಕಷ್ಟವನ್ನೂ ಮರೆಯಬಾರದು. ತಾನೇ ಕೆಡಿಸಿ ವಾರಂಟಿ ಕೇಳುವ ಗ್ರಾಹಕರೂ ಇದ್ದಾರೆ. ಡೀಲರು ತನ್ನ ದಾಸ್ತಾನಿನಿಂದ ಬಿಡಿಭಾಗ ಹಾಕಿಕೊಟ್ಟರೆ ಕಂಪನಿಯಿಂದ ಹಣ ಬರುವುದು ತಡವಾಗುತ್ತದೆ. ಆದರೆ ಆ ಹೊರೆಯನ್ನು ಗ್ರಾಹಕನ ಮೇಲೆ ದಾಟಿಸುವುದು ಪರಿಹಾರವಲ್ಲ. ತೆರಿಗೆಯ ನೆಪವೂ ಈಗ ನಿಲ್ಲುವುದಿಲ್ಲ. ವಾರಂಟಿಯಲ್ಲಿ ಗ್ರಾಹಕನಿಂದ ಹಣ ಪಡೆಯದೆ ಬದಲಿಸಿದ ಬಿಡಿಭಾಗಕ್ಕೆ ಪ್ರತ್ಯೇಕವಾಗಿ ಜಿ.ಎಸ್.ಟಿ. ಇಲ್ಲ, ತಯಾರಕ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗಿಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ‘ಬಿಡಿಭಾಗ ಉಚಿತ, ತೆರಿಗೆ ಮಾತ್ರ ಕೊಡಿ’ ಎಂಬ ಮಾತಿಗೆ ಆಧಾರವಿಲ್ಲ.

ಹೊರಗಿನ ಮೆಕ್ಯಾನಿಕ್ ಮುಟ್ಟಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಷರತ್ತಿನ ಬಗೆಗೂ ಒಂದು ಮಾತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ದಂಡ ವಿಧಿಸಿದಾಗ, ಇಂಥ ಸಾರಾಸಗಟು ಷರತ್ತು ಹಾಕಕೂಡದೆಂದೂ, ಹೊರಗಿನ ದುರಸ್ತಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದೆಂದೂ ಆದೇಶಿಸಿತು. ಆ ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಕಾರುಗಳಿಗೆ ಸಂಬಂಧಿಸಿದ್ದೂ ಹೌದು. ಆದರೂ ಅದರಲ್ಲಿರುವ ನ್ಯಾಯ ಎಲ್ಲ ವಸ್ತುಗಳಿಗೂ ಸಲ್ಲುವಂಥದು: ಯಾವ ಕಾರಣದಿಂದ ಯಾವ ಭಾಗ ಕೆಟ್ಟಿತೋ ಅಷ್ಟಕ್ಕೆ ಮಾತ್ರ ಹೊಣೆ.

ಬಿಲ್ಲು ಈಗಾಗಲೇ ಕೈಸೇರಿದ್ದರೆ ಮಾಡಬೇಕಾದದ್ದಿಷ್ಟು. ಲಿಖಿತ ಕಾರಣ ಮತ್ತು ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಬೇಕು. ವ್ಯಾಪಾರ ನಿಲ್ಲದಿರಲೆಂದು ಹಣ ಕೊಡಲೇಬೇಕಾದರೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಬಿಲ್ಲಿನ ಮೇಲೆ ಬರೆಯಬೇಕು. ಬಳಿಕ ಡೀಲರಿಗೂ ತಯಾರಕರಿಗೂ ಪತ್ರ ಬರೆಯಬೇಕು. ಗ್ರಾಹಕನೆನಿಸಿಕೊಳ್ಳುವವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗದ ಮೊರೆ ಹೋಗಬಹುದು. ಮಾರಿದ ಕಂಪನಿ ಯಾವ ಊರಿನದಾದರೂ ದೂರುದಾರ ತಾನು ವಾಸಿಸುವ ಸ್ಥಳದಲ್ಲಿಯೇ ದೂರು ಸಲ್ಲಿಸಲು 2019ರ ಅಧಿನಿಯಮ ಅವಕಾಶ ಕೊಟ್ಟಿದೆ.

ನಮ್ಮ ಸಂಸ್ಥೆ ಈ ದಿಸೆಯಲ್ಲಿ ಎರಡು ಕೆಲಸ ಕೈಗೊಳ್ಳಬೇಕೆಂದು ಕೋರುತ್ತೇನೆ. ಮೇಲೆ ಹೇಳಿದ ಐದು ಅಂಶಗಳಿರುವ ಮಾದರಿ ಖರೀದಿ ಆದೇಶವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲ ಸದಸ್ಯರಿಗೂ ಹಂಚಬೇಕು. ವಾರಂಟಿಯೊಳಗೆ ಲಿಖಿತ ಕಾರಣವಿಲ್ಲದೆ ಶುಲ್ಕ ಕೇಳುವುದಿಲ್ಲವೆಂದು ಸದಸ್ಯ ಮಾರಾಟಗಾರರಿಂದ ಒಪ್ಪಿಗೆ ಪಡೆಯಬೇಕು. ಕೊಳ್ಳುವಾಗ ನಾವು ಕೇಳುವ ನ್ಯಾಯವನ್ನು ಮಾರುವಾಗಲೂ ಪಾಲಿಸಿದರೆ ಮಾತ್ರ ದೊಡ್ಡ ತಯಾರಕರ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ.