ಮನಸ್ಸು ಓದುವ ವಿದ್ಯೆಯಲ್ಲ, ಪರೀಕ್ಷಿಸಿ ನೋಡುವ ವಿಜ್ಞಾನ

"ಸೈಕಾಲಜಿ ಓದಾಕತ್ತೀಯೇನು? ಹಂಗಾದ್ರ ನನ್ನ ಮನಸ್ಸಿನ್ಯಾಗ ಏನೈತಿ ಹೇಳು ನೋಡೂಣು."

ಅರಕೇರಾದಂಥ ಊರಿನಿಂದ ರಾಯಚೂರಿಗೋ ಕಲಬುರಗಿಗೋ ಹೋಗಿ ಮನೋವಿಜ್ಞಾನ ಆರಿಸಿಕೊಂಡವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಊರವರು ಕೇಳೋದು ಸಹಜ. ಆದರೆ ಓದುವವರಲ್ಲೂ ಹಲವರು ಇಂಥ ನಂಬಿಕೆ ಹೊತ್ತೇ ತರಗತಿಗೆ ಬರ್ತಾರೆ. ಪದವಿ ಮುಗಿದರೂ ಕೆಲವು ನಂಬಿಕೆಗಳು ಹೋಗುವುದಿಲ್ಲ. 'ಮೆದುಳಿನ ಶೇ.10ರಷ್ಟನ್ನು ಮಾತ್ರ ಬಳಸುತ್ತೇವೆ' ಎಂಬುದು ಅಂಥದ್ದೇ ಒಂದು ಸುಳ್ಳು.

ಈ ವಿಷಯ ನಮಗೆ ಹೊಸದೇನಲ್ಲ. ಲಂಡನ್‌ನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. ನೂರು ವರ್ಷ ಕಳೆದರೂ ಅನೇಕರ ಪಾಲಿಗೆ ಇದು 'ಈಸಿ ಆರ್ಟ್ಸ್ ಸಬ್ಜೆಕ್ಟ್'. ಸಂಖ್ಯಾಶಾಸ್ತ್ರದ ಪತ್ರಿಕೆ ಬಂದಾಗಲೇ ಗಾಬರಿ.

2015ರಲ್ಲಿ ಸಂಶೋಧಕರ ಒಂದು ದೊಡ್ಡ ತಂಡ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಸುಮಾರು ಶೇ.36ರಲ್ಲಿ ಮಾತ್ರ ಗಣನೀಯ ಫಲಿತಾಂಶ ಮರಳಿ ಸಿಕ್ಕಿತು. 'ನೋಡಿ, ಇದು ವಿಜ್ಞಾನವೇ ಅಲ್ಲ' ಅಂದವರುಂಟು. ಆದರೆ ತನ್ನ ತಪ್ಪನ್ನು ತಾನೇ ಹುಡುಕಿ, ಲೆಕ್ಕ ಹಾಕಿ, ಎಲ್ಲರೆದುರು ಇಟ್ಟದ್ದು ಅದೇ ಕ್ಷೇತ್ರ. ಯಾವ ಜ್ಯೋತಿಷಿ ಹೀಗೆ ಮಾಡಿದ್ದಾನೆ?

ಈ ವ್ಯತ್ಯಾಸ ಗೊತ್ತಿಲ್ಲದ ಕಡೆ ವ್ಯಾಪಾರ ನಡೆಯುತ್ತದೆ. ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುವ 'ಡಿಎಂಐಟಿ'ಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೈನ್ ಆ್ಯಕ್ಟಿವೇಶನ್' ಅನ್ನು ಮಂಗಳೂರಿನ ನರೇಂದ್ರ ನಾಯಕ್ ಬಯಲಿಗೆಳೆದರು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡ್ತಿದ್ದರು, ಅಷ್ಟೇ. ಇಂಥ ಕಡೆ ಮೊದಲು ಅನುಮಾನ ಪಡಬೇಕಾದವರು ಮನೋವಿಜ್ಞಾನ ಓದಿದವರು.

ನಮ್ಮ ಭಾಗದಲ್ಲಿ ಇದು ಬರೀ ಅಂಕದ ಮಾತಲ್ಲ. ಹಳ್ಳಿಯಲ್ಲೂ ಮಾನಸಿಕ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ತೋರಿಸಿದ್ದು ಪಕ್ಕದ ಬಳ್ಳಾರಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ ಯಾರಿಗೋ ಇಲ್ಲದ ದನಿ ಕೇಳಿಸತೊಡಗಿದರೆ ಎಷ್ಟೋ ಮನೆಯವರು ಮೊದಲು ಹುಡುಕೋದು ದೆವ್ವ ಬಿಡಿಸುವವರನ್ನೇ.

ಬಿಎ ಮುಗಿಸಿದ ಮಾತ್ರಕ್ಕೆ ಚಿಕಿತ್ಸೆ ಕೊಡಲಾಗದು, ಕೊಡಲೂಬಾರದು. ಆದರೆ ಆ ಮನೆಯವರನ್ನು ಮನೋವೈದ್ಯರ ಬಳಿ ಕಳಿಸಬಹುದು, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಬಹುದು. ಮನಸ್ಸು ಓದಲು ಬಾರದಿದ್ದರೂ ಪರವಾಗಿಲ್ಲ. "ಇದಕ್ಕ ಪುರಾವೆ ಏನೈತಿ?" ಅಂತ ಕೇಳೋಕೆ ಬಂದರೆ ಸಾಕು.