ಹೆಸರಲ್ಲೇ ವಿಶ್ರಾಂತಿ, ರಸ್ತೆಗಿಲ್ಲ ವಿಶ್ರಾಂತಿ!

ಟೈಟಲ್ ನೋಡಿ ಟಿಕೆಟ್ ತಗೊಳ್ಳೋ ಜಾತಿ ನಮ್ಮದು. ಗೋಡೆ ಮೇಲೆ ಪೋಸ್ಟರ್ ಬಿದ್ದ ಕೂಡಲೇ ಸೈಕಲ್ ನಿಲ್ಲಿಸಿ ಓದಬೇಕು, ಹಾಗಿರಬೇಕು ಹೆಸರು. ಒಳಗೆ ಕತೆ ಇದೆಯೋ ಇಲ್ಲವೋ, ಅದು ಇಂಟರ್‌ವೆಲ್ ಆದಮೇಲಿನ ಮಾತು!

ಸ್ಕಾಟ್ಲೆಂಡಿನಲ್ಲಿ ಅಂಥದ್ದೇ ಟೈಟಲ್ ಇಟ್ಟುಕೊಂಡ ಒಂದು ಜಾಗ ಇದೆ. ಹೆಸರು 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್'. ನಮ್ಮ ಮಾತಲ್ಲಿ ಹೇಳೋದಾದ್ರೆ, 'ದಣಿವಾರಿಸ್ಕೋ, ಬದುಕಿದೆ ಅಂತ ಕೈ ಮುಗಿ'. ನಗಬೇಡಿ ಸ್ವಾಮಿ. ಲಾರಿ ಹಿಂದೆ ಬರೆದ ವೇದಾಂತ ಅಲ್ಲ ಇದು, ನಕ್ಷೆಯಲ್ಲೇ ಅಚ್ಚಾಗಿರೋ ಹೆಸರು!

ಗ್ಲಾಸ್ಗೋ ನಗರದಿಂದ ವಾಯವ್ಯಕ್ಕೆ ಹೊರಟರೆ ಆರ್ಗೈಲ್ ಸೀಮೆ. ಸಮುದ್ರದ ಹಿನ್ನೀರಿನ ದಡದ ಅರೋಚಾರ್ ಎಂಬ ಹಳ್ಳಿ ದಾಟಿ, ಗ್ಲೆನ್ ಕ್ರೋ ಕಣಿವೆಯಲ್ಲಿ ಏರುತ್ತಾ ಹೋದರೆ ನೆತ್ತಿಯಲ್ಲಿ ಈ ಜಾಗ. ಎತ್ತರ 245 ಮೀಟರ್, ಅಂದರೆ 803 ಅಡಿ. ಇಷ್ಟೇನಾ ಅಂತೀರಾ? ಸಮುದ್ರ ಮಟ್ಟದಿಂದ ಹೊರಟು, ಗಾಳಿ ಮಳೆಯಲ್ಲಿ ಹೆಗಲ ಮೇಲೆ ಮೂಟೆ ಹೊತ್ತು ಹತ್ತಿದವನನ್ನ ಕೇಳಬೇಕು.

ಹೆಸರಿಟ್ಟವರು ಕವಿಗಳಲ್ಲ, ಲಾರ್ಡುಗಳೂ ಅಲ್ಲ. ಮೈ ಬಗ್ಗಿಸಿ ದುಡಿದವರು. 1715ರಲ್ಲಿ, ಮತ್ತೆ 1745ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರು ಲಂಡನ್ ದೊರೆಯ ವಿರುದ್ಧ ದಂಗೆ ಎದ್ದರು. ಅವರನ್ನ ಹದ್ದುಬಸ್ತಿನಲ್ಲಿಡಬೇಕಾದರೆ ಸೈನ್ಯ ಓಡಾಡಬೇಕು, ಸೈನ್ಯ ಓಡಾಡೋಕೆ ರಸ್ತೆ ಬೇಕು. ಜನರಲ್ ವೇಡ್ ಎಂಬಾತ ಶುರು ಮಾಡಿದ ಆ ಕೆಲಸವನ್ನ ಮೇಜರ್ ಕಾಲ್‌ಫೀಲ್ಡ್ ಮುಂದುವರಿಸಿದ. ಗ್ಲೆನ್ ಕ್ರೋ ರಸ್ತೆ 1740ರ ದಶಕದ್ದು. ಬಂದೂಕು ಹಿಡಿಯೋ ಕೈಗೆ ಗುದ್ದಲಿ ಕೊಟ್ಟು, ಸೈನಿಕರಿಂದಲೇ ಕಡಿಸಿದರು. ಕೆಲಸ ಮುಗಿದಾಗ ಆ ಸೈನಿಕರು ನೆತ್ತಿಯಲ್ಲಿ ಒಂದು ಕಲ್ಲು ನೆಟ್ಟು ಈ ಮಾತು ಕೆತ್ತಿದರು. ಕಲ್ಲು ಹಾಳಾದಾಗ ಬೇರೆ ಕಲ್ಲು ಬಂತು. ಮಾತು ಮಾತ್ರ ಅದೇ. ಹಿಂದೆ ಹತ್ತಿ ಬರೋನಿಗೆ ಮುಂದೆ ಹತ್ತಿದವನು ಹೇಳಿದ ಮಾತು ಅದು. ಅದರಲ್ಲಿ ಮೋಸವಿಲ್ಲ.

ಆದರೂ ಮೋಸಹೋದವನೊಬ್ಬ ಇದ್ದ. ಯಾರು ಗೊತ್ತೇ? ಕವಿ ಜಾನ್ ಕೀಟ್ಸ್! 1818ರ ಜುಲೈ, ವಯಸ್ಸು 22. ಗೆಳೆಯ ಬ್ರೌನ್ ಜತೆ ಕಾಲ್ನಡಿಗೆಯಲ್ಲಿ ಸ್ಕಾಟ್ಲೆಂಡ್ ಸುತ್ತುತ್ತಿದ್ದ. ಬೆಳಗಿನ ಜಾವ 4ಕ್ಕೆ ಎದ್ದು ಹೊರಟ ಆಸಾಮಿಗೆ ಮುಂದೆ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್' ಅಂತ ಒಂದು ಜಾಗ ಇದೆ ಅಂತ ತಿಳಿಯಿತು. ಸರಿ, ಯಾವುದೋ ಹೋಟೆಲು, ಬಿಸಿಬಿಸಿ ತಿಂಡಿ ಗ್ಯಾರಂಟಿ ಅಂದುಕೊಂಡ. ಹೋಗಿ ನೋಡಿದರೆ... ಬರೀ ಕಲ್ಲು! ಇನ್ನೂ 5 ಮೈಲಿ ನಡೆದ ಮೇಲೆ ತಿಂಡಿ. ಒಟ್ಟು 15 ಮೈಲಿ, ಖಾಲಿ ಹೊಟ್ಟೆಯಲ್ಲಿ!

ಇದನ್ನೆಲ್ಲ ತಮಾಷೆಯಾಗಿ ಆತ ಪತ್ರ ಬರೆದದ್ದು ಮನೆಯಲ್ಲಿ ಕ್ಷಯದಿಂದ ಮಲಗಿದ್ದ ತಮ್ಮ ಟಾಮ್‌ಗೆ. ಮಲಗಿದವನು ಒಂದು ಸಲ ನಗಲಿ ಅಂತ ಇದ್ದೀತು. ಆ ವರ್ಷ ಡಿಸೆಂಬರಿನಲ್ಲಿ ಟಾಮ್ ತೀರಿಕೊಂಡ. 1821ರಲ್ಲಿ ಅದೇ ರೋಗಕ್ಕೆ ಕೀಟ್ಸೂ ಹೋದ. ವಯಸ್ಸು ಬರೀ 25. ಅವನ ಪದ್ಯ ಓದಿ ಪಾಸಾದವರು ಬೇಕಾದಷ್ಟಿದ್ದಾರೆ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಹತ್ತಿರವಾದದ್ದು ಈ ತಿಂಡಿ ಸಿಗದ ಕೀಟ್ಸ್!

ಇದೇ ಮಾತು ಲಾರ್ಡ್ ಒಬ್ಬನ ಬಾಯಿಗೆ ಬಿದ್ದಾಗ ಏನಾಯ್ತು ನೋಡಿ. 1863ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಲಾರ್ಡ್ ರಸೆಲ್, ಸ್ಕಾಟ್ಲೆಂಡಿನದೇ ಬ್ಲೇರ್‌ಗೌರಿಯಲ್ಲಿ ಭಾಷಣ ಮಾಡುತ್ತಾ ಈ ಕಲ್ಲಿನ ಮಾತು ಎತ್ತಿದ. ಸುಧಾರಣೆ ಸಾಕಷ್ಟಾಗಿದೆ, ಜನ ಈಗ ದಣಿವಾರಿಸಿಕೊಂಡು ಸುಮ್ಮನಿರೋ ಮನಸ್ಸಿನಲ್ಲಿದ್ದಾರೆ ಅನ್ನೋ ಅರ್ಥದಲ್ಲಿ! ಆಗ ಅಲ್ಲಿ ಕೂಲಿ ಮಾಡೋ ಬಹುಪಾಲು ಗಂಡಸರಿಗೆ ಓಟೇ ಇರಲಿಲ್ಲ. ಹೆಂಗಸರ ಮಾತಂತೂ ದೂರ. ಜನ ಸುಮ್ಮನಿರಲಿಲ್ಲ. 1867ರಲ್ಲಿ ಹೊಸ ಕಾನೂನು ಬಂದು ಪಟ್ಟಣದ ಎಷ್ಟೋ ಕೂಲಿಯವರಿಗೆ ಓಟು ಸಿಕ್ಕಿತು.

ಬರೆದಷ್ಟಕ್ಕೆ ಕಾಸು ಎಣಿಸೋ ನನಗೂ 'ಇದ್ದುದರಲ್ಲೇ ತೃಪ್ತಿಪಡು ತಮ್ಮಾ' ಅನ್ನೋ ಉಪದೇಶ ಬೇಕಾದಷ್ಟು ಸಿಕ್ಕಿದೆ. ಹೇಳಿದವರೆಲ್ಲ ಕುರ್ಚಿಯಲ್ಲಿ ಕೂತೇ ಹೇಳಿದ್ದು!

ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಎಲ್ಲಿ ಅಂತ ಕೇಳ್ತೀರಾ? ಬಂತು. 1963ರ ಜೇಮ್ಸ್‌ಬಾಂಡ್ ಚಿತ್ರ 'ಫ್ರಂ ರಷ್ಯಾ ವಿತ್ ಲವ್'ನಲ್ಲಿ ಶಾನ್ ಕಾನರಿಯನ್ನ ಹೆಲಿಕಾಪ್ಟರ್ ಅಟ್ಟಿಸಿಕೊಂಡು ಬರುತ್ತಲ್ಲ, ಮೋಟಾರು ದೋಣಿಗಳ ಚೇಸ್ ಇದೆಯಲ್ಲ, ಅವನ್ನ ತೆಗೆದದ್ದು ಇದೇ ಆರ್ಗೈಲ್ ಸೀಮೆಯ ಲಾಕ್‌ಗಿಲ್ಪ್‌ಹೆಡ್, ಕ್ರೈನನ್ ಸುತ್ತಮುತ್ತ. ಗ್ಲಾಸ್ಗೋದಿಂದ ಆ ಕಡೆಗೆ ಹೋಗೋ ಹೆದ್ದಾರಿ ಈ ನೆತ್ತಿಯ ಮೇಲೇ ಹಾದುಹೋಗುತ್ತೆ. ಸೈನಿಕರ ಹಳೇ ರಸ್ತೆ ಕಣಿವೆಯ ತಳದಲ್ಲಿ ಉಳಿದುಕೊಂಡಿದೆ. ಮೇಲಿನ ಗುಡ್ಡದ ಪಕ್ಕೆಯಲ್ಲಿರೋದು ಆಮೇಲೆ ಬಂದ ಹೊಸ ರಸ್ತೆ, ಎ-83. 1949ರಿಂದ 1970ರ ತನಕ ಹಳೇ ರಸ್ತೆಯಲ್ಲಿ ಕಾರುಗಳ ಗುಡ್ಡ ಹತ್ತೋ ರೇಸೂ ನಡೆಯುತ್ತಿತ್ತು.

ಈಗ ಅಸಲಿ ಕ್ಲೈಮ್ಯಾಕ್ಸ್. ಹೊಸ ರಸ್ತೆಯ ನೆತ್ತಿಯ ಮೇಲೆ ಗುಡ್ಡ ಕುಸಿಯುತ್ತೆ. ಜೋರು ಮಳೆ ಬಂದರೆ ಮಣ್ಣು, ಬಂಡೆ ಎಲ್ಲ ಕೆಳಗೆ. 2020ರ ಆಗಸ್ಟಿನಲ್ಲಿ ಸಾವಿರಾರು ಟನ್ ಬಿದ್ದು ರಸ್ತೆ ಬಂದ್. ಐಲಾ ದ್ವೀಪದ ವಿಸ್ಕಿ ಲಾರಿ, ಮೀನಿನ ಗಾಡಿ, ಆಸ್ಪತ್ರೆಗೆ ಹೊರಟವರು, ಎಲ್ಲರೂ ಬೇರೆ ಊರುಗಳನ್ನ ಸುತ್ತಿ ಬರಬೇಕು. ಬಲೆ ಕಟ್ಟಿದರು, ಮಣ್ಣು ಹಿಡಿಯೋಕೆ ಗುಂಡಿ ತೋಡಿದರು, ಗಿಡ ನೆಡೋಕೂ ಹೊರಟರು. 1.4 ಕಿಲೋಮೀಟರ್ ಉದ್ದಕ್ಕೆ ರಸ್ತೆಗೆ ಸೂರು ಹಾಕೋದೇ ಸರಿ ಅಂತ ಸರ್ಕಾರ ಆರಿಸಿದ್ದು 2023ರ ಜೂನಿನಲ್ಲಿ.

ಅಷ್ಟರ ತನಕ ಜನರ ಕೈ ಹಿಡಿದದ್ದು ಯಾವುದು? ಸೈನಿಕರ ಆ ಹಳೇ ರಸ್ತೆ! 2013ರಲ್ಲಿ ಅದನ್ನೇ ರಿಪೇರಿ ಮಾಡಿ ಬದಲಿ ದಾರಿಯಾಗಿ ಇಟ್ಟುಕೊಂಡರು. ಒಂದೇ ಗಾಡಿ ಹಿಡಿಸೋ ಅಗಲ. ಮುಂದೆ ದಾರಿ ತೋರಿಸೋ ಗಾಡಿ, ಹಿಂದೆ ಸಾಲಾಗಿ ಉಳಿದವು. ಈ ಕಡೆಯವರು ಹೋಗಿ ಮುಗಿಯೋ ತನಕ ಆ ಕಡೆಯವರು ಕಾಯಬೇಕು. ಇನ್ನೂರೈವತ್ತು ವರ್ಷ ದಾಟಿದ ಮುದುಕ ಮೊಮ್ಮಗನ ಹೊರೆ ಹೊತ್ತ ಹಾಗೆ!

ಕಲ್ಲಿನ ಮೇಲೆ 'ವಿಶ್ರಾಂತಿ' ಅಂತ ಬರೆದವರ ರಸ್ತೆಗೇ ವಿಶ್ರಾಂತಿ ಇಲ್ಲ ನೋಡಿ. ಕೈ ಮುಗಿಯೋದಾದರೆ ಕಲ್ಲಿಗಲ್ಲ, ಮಳೆಯಲ್ಲಿ ನಿಂತು ಮಣ್ಣು ಬಾಚೋ ಕೈಗಳಿಗೆ ಮುಗಿಯಬೇಕು.

ನಿಮ್ಮ ಬಸ್ಸೂ ಬಂತೂಂತ ಕಾಣುತ್ತೆ. ಹತ್ತಿ, ಸೀಟು ಸಿಕ್ಕರೆ ದಣಿವಾರಿಸ್ಕೊಳ್ಳಿ. ಉಳಿದದ್ದು ಮುಂದಿನ ವಾರ!